ಬೆರಳಿಗೆ ಸಿಕ್ಕ ನಕ್ಷೆ

ಎಲ್ಲರ್‌ಸ್ಕೇಲ್ ಹಾಲ್, ಯಾರ್ಕ್‌ಶೈರ್
ನವೆಂಬರ್ 16, 1773

ನನ್ನ ಮುದ್ದು ಥಿಯೋ,

ನಿನಗೂ, ಅಳಿಯಂದಿರಿಗೂ, ಪುಟ್ಟ ರಾಲ್ಫ್‌ಗೂ ಇಲ್ಲಿಂದ ನಮ್ಮೆಲ್ಲರ ಪ್ರೀತಿ. ನನ್ನ ಮೇಲೆ ನಿನಗೆ ಸಿಟ್ಟು ಬಂದಿರಬೇಕು. ಬಂದಿದ್ದರೆ ಅದು ನ್ಯಾಯವೇ. ವಸಂತದಿಂದ ಈಚೆಗೆ ನಾನು ಕಳಿಸಿದ್ದೆಲ್ಲ ಪತ್ರಗಳಲ್ಲ, ಚೀಟಿಗಳು: ಎಲ್ಲರೂ ಕ್ಷೇಮ, ಮನೆಯಲ್ಲಿ ಗಾರೆ ಕೆಲಸ ನಡೆದಿದೆ, ಪುರುಸೊತ್ತಾದಾಗ ಬರೆಯುತ್ತೇನೆ. ಕಳೆದ ಪತ್ರದಲ್ಲಿ ನೀನು ನೇರವಾಗಿಯೇ ಕೇಳಿದ್ದೀಯ, ಅಮ್ಮಾ, ನನ್ನಿಂದ ಏನೋ ಮುಚ್ಚಿಡುತ್ತಿದ್ದೀಯಲ್ಲ ಎಂದು. ಹೌದು, ಮುಚ್ಚಿಟ್ಟಿದ್ದೆ. ಹೇಗೆ ಬರೆಯಬೇಕೆಂದೇ ತಿಳಿಯಲಿಲ್ಲ. ಗಾಬರಿಯಾಗಬೇಡ. ಯಾರೂ ಸತ್ತಿಲ್ಲ, ಯಾರೂ ಹಾಸಿಗೆ ಹಿಡಿದಿಲ್ಲ. ಬಹಳ ಸುಖವಾದ ಒಂದು ಕೋಣೆಯಲ್ಲಿ, ಕಿಟಕಿಯ ಪಕ್ಕ, ಒಳ್ಳೆಯ ಬೆಳಕಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ, ನೀನೂ ಹಾಗೆಯೇ ಓದು, ಮುಂದಿನ ಪುಟಕ್ಕೆ ಹಾರಬೇಡ. ನಿನ್ನ ಅಭ್ಯಾಸ ನನಗೆ ಗೊತ್ತು.

ಅದಕ್ಕೂ ಮೊದಲು, ನೀನು ಇಟಲಿಯ ಲಿವೋರ್ನೊದಿಂದ ಕಳಿಸಿದ ಆಲಿವ್ ಎಣ್ಣೆಯ ಜಾಡಿ ಒಡೆಯದೆ ಬಂದು ತಲುಪಿತು. ನಿನ್ನ ವಿನಿಫ್ರೆಡ್ ಅತ್ತೆ ಮುಚ್ಚಳ ತೆಗೆದು ಮೂಸಿ ನೋಡಿ, "ಇದು ದೀಪಕ್ಕೆ ಹಾಕೋದಲ್ವಾ? ಇದನ್ನ ತಿಂದ್ಕೊಂಡು ಆ ಕೂಸು ಹೇಗೆ ನಡೆಯೋದು ಕಲಿತೋ" ಅಂದರು. ಆಮೇಲೆ ಮಂಡಿ ನೋವಿಗೆ ಹಚ್ಚಿಕೊಂಡು ನೋಡಿದರು. ಈಗ ಜಾಡಿ ಅವರ ಕೋಣೆಯಲ್ಲೇ ಇದೆ, ಅಡುಗೆಯವಳು ಕೇಳಿದರೂ ಕೊಡುವುದಿಲ್ಲ.

ನಮ್ಮ ಹಳೆಯ ಹಜಾರ ನಿನಗೆ ನೆನಪಿರಬೇಕು. ಗೋಡೆ ತುಂಬ ಕರೀ ಓಕ್ ಹಲಗೆ, ನಡುಹಗಲಲ್ಲೂ ಮೇಣದ ಬತ್ತಿ. ಅದನ್ನು ಕಿತ್ತು ಒಂದು ಬೆಳಕಿನ ದಿವಾನಖಾನೆ ಮಾಡಿಸೋಣ ಎಂದು ನಾನು ಮದುವೆಯಾಗಿ ಬಂದಾಗಿನಿಂದ ಕೇಳುತ್ತಲೇ ಇದ್ದೆ, ನಿನ್ನ ಅಪ್ಪ ನಗುತ್ತಲೇ ಇದ್ದರು. ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಅವರೇ, "ಮಾಡಿಸಿಬಿಡೋಣ ಅರ್ಸುಲಾ, ಇನ್ನು ತಡ ಮಾಡೋದು ಬೇಡ" ಅಂದರು. ಅದೂ ಇಲ್ಲಿನ ಮೇಸ್ತ್ರಿಯಿಂದಲ್ಲ. ಲಂಡನ್ನಿಂದ ಮಿಸ್ಟರ್ ಹ್ಯಾಲಿಡೇ ಅವರನ್ನೇ ಕರೆಸಿದರು. ಸ್ಕಾಟ್ಲೆಂಡಿನವರು, ಹಲವು ವರ್ಷ ರೋಮಿನಲ್ಲಿದ್ದು ಅಲ್ಲಿನ ಪಾಳುಬಿದ್ದ ಕಟ್ಟಡಗಳನ್ನೆಲ್ಲ ಅಳೆದು ಬಂದವರು. ಕಡ್ಡಿಯಂತಹ ಮನುಷ್ಯ. ಹೊಟ್ಟೆ ಸರಿಯಿಲ್ಲ, ಸುಟ್ಟ ಬ್ರೆಡ್ಡು ಬಿಟ್ಟರೆ ಏನೂ ಮುಟ್ಟುವುದಿಲ್ಲ. ಆದರೆ ಕಂಬಗಳ ವಿಷಯ ಬಂತೋ, ಎದುರಿಗೆ ದೊರೆಯೇ ಕೂತಿದ್ದರೂ ಮಾತು ನಿಲ್ಲಿಸುವ ಆಸಾಮಿಯಲ್ಲ. ಬಂದರು, ಅಳತೆ ತೆಗೆದುಕೊಂಡರು, ಹೋದರು. ಫೆಬ್ರವರಿಯಲ್ಲಿ ಬಣ್ಣಗಳ ಬಗ್ಗೆ ಒಂದು ಪತ್ರ ಬರೆದರು: ಗೋಡೆಗೆ ಎಳೆ ಬಟಾಣಿಯ ಹಸಿರು, ಚಾವಣಿಯ ಅಂಕಣಗಳಿಗೆ ತಿಳಿ ಗುಲಾಬಿ, ಅದರ ಮೇಲೆ ಬಿಳಿ ಗಾರೆಯ ಚಿತ್ತಾರ. ನಾನು ಅದನ್ನು ನಿನ್ನ ಅಪ್ಪನಿಗೆ ಓದಿ ಹೇಳಿದೆ. ಹಸಿರಿನ ಭಾಗವನ್ನು ಇನ್ನೊಮ್ಮೆ ಓದು ಅಂದರು.

ಮಾರ್ಚ್‌ನಲ್ಲಿ ನಕ್ಷೆಯನ್ನು ಹ್ಯಾಲಿಡೇ ತಾವೇ ತಂದರು. ಊಟದ ಮೇಜಿನ ಮೇಲಿನದೆಲ್ಲ ತೆಗೆಸಿ, ತಗಡಿನ ಕೊಳವೆಯಿಂದ ಸುರುಳಿ ಹೊರಗೆ ಎಳೆದು, ಬಿಚ್ಚಿ, ನಾಲ್ಕು ಮೂಲೆಗೂ ನಮ್ಮ ಬೆಳ್ಳಿಯ ಉಪ್ಪಿನ ಬಟ್ಟಲು, ಸಾಸಿವೆ ಬಟ್ಟಲುಗಳನ್ನೇ ಭಾರಕ್ಕಿಟ್ಟರು. ಬಣ್ಣ ಉಜ್ಜಿ ಹೋಗದಿರಲೆಂದು ನಕ್ಷೆಯ ಮೇಲೆ ಒಂದು ಖಾಲಿ ಹಾಳೆ ಹೊದಿಸಿರುತ್ತಾರೆ. ಅದನ್ನು ಅವರಿನ್ನೂ ತೆಗೆದಿರಲಿಲ್ಲ. ಅಷ್ಟರಲ್ಲಿ ನಿನ್ನ ಅಪ್ಪ ಎರಡೂ ಕೈ ಮೇಜಿಗೆ ಊರಿ, ಬಗ್ಗಿ, ಬಹಳ ಹೊತ್ತು ನೋಡಿದರು. ನೋಡಿ, "ಹಸಿರು ಚೆನ್ನಾಗಿ ಬಂದಿದೆ, ಮಿಸ್ಟರ್ ಹ್ಯಾಲಿಡೇ. ನಾನು ಅಂದ್ಕೊಂಡಿದ್ದಕ್ಕಿಂತ ತೆಳುವಾಗಿದೆ, ಒಳ್ಳೇದೇ ಆಯ್ತು" ಅಂದರು.

ಅವರ ಮುಂದೆ ಇದ್ದದ್ದು ಬರೀ ಬಿಳಿ ಹಾಳೆ, ಥಿಯೋ.

ಹ್ಯಾಲಿಡೇ ಅವರ ಮುಖ ಒಂದು ಕ್ಷಣ ಬಿಳಿಚಿಕೊಂಡಿತು, ಅಷ್ಟೆ. "ನನಗೂ ಅದೇ ಇಷ್ಟ ಸರ್ ಗಾಡ್ಫ್ರಿ. ಲಂಡನ್ನಿನಲ್ಲಿ ಎಲ್ಲರೂ ಗಾಢ ಹಸಿರು ಕೇಳ್ತಾರೆ, ನಾನೇ ಬೇಡ ಅಂತೀನಿ" ಎಂದು ಮಾತಾಡುತ್ತಲೇ ಆ ಖಾಲಿ ಹಾಳೆಯನ್ನು ಸದ್ದಾಗದಂತೆ ಎತ್ತಿ ಬದಿಗಿಟ್ಟರು. ಅದರ ಕೆಳಗೆ ನಿಜವಾದ ನಕ್ಷೆ ಇತ್ತು. ನಡುವೆ ಕೋಣೆಯ ನೆಲ, ಅದರ ನಾಲ್ಕು ಕಡೆಗೆ ನಾಲ್ಕು ಗೋಡೆಗಳನ್ನು ಮಲಗಿಸಿದ್ದರು, ಪೆಟ್ಟಿಗೆಯೊಂದನ್ನು ಬಿಚ್ಚಿ ಹರವಿದ ಹಾಗೆ. ಕನ್ನಡಿ, ಪರದೆ, ಅಗ್ಗಿಷ್ಟಿಕೆಯ ಮೇಲಿನ ಹೂದಾನಿ ಸಹಿತ ಎಲ್ಲವೂ ಇತ್ತು. ಆದರೆ ಅದನ್ನೆಲ್ಲ ನಾನು ನೋಡಿದ್ದು ಆಮೇಲೆ. ಆ ಹೊತ್ತಿನಲ್ಲಿ ನನಗೆ ಕಂಡದ್ದು ನಿನ್ನ ಅಪ್ಪನ ಕಣ್ಣುಗಳು ಮಾತ್ರ. ಎಂದಿನ ಹಾಗೆ ಬೂದು ಬಣ್ಣ, ಎಂದಿನ ಹಾಗೆ ಚೆಂದ. ಅವು ಹ್ಯಾಲಿಡೇ ಅವರ ಕೋಟಿನ ಗುಂಡಿಗಳ ನಡುವೆ ಎಲ್ಲೋ ನೆಟ್ಟಿದ್ದವು.

ಅಂದು ಮಧ್ಯಾಹ್ನ ನಿನ್ನ ಅಪ್ಪನನ್ನು ತೋಟಕ್ಕೆ ಕರೆದುಕೊಂಡು ಹೋದೆ. ಅವರು ನನ್ನ ತೋಳು ಹಿಡಿದಿದ್ದರು. ಈಚೆಗೆ ಯಾವಾಗಲೂ ಹಿಡಿಯುತ್ತಿದ್ದರು, ಮಂಡಿ ನೋವು ಎನ್ನುತ್ತಿದ್ದರು.

"ಯಾವಾಗಿಂದ?" ಅಂತ ಕೇಳಿದೆ.

"ಏನು ಯಾವಾಗಿಂದ?"

"ನೀವು ಹಸಿರು ಅಂದಾಗ ಅಲ್ಲಿದ್ದದ್ದು ಖಾಲಿ ಹಾಳೆ ಕಣ್ರೀ."

ಅವರು ನಿಂತರು. ಆಮೇಲೆ, ನಂಬುತ್ತೀಯೋ ಇಲ್ಲವೋ, ನಕ್ಕುಬಿಟ್ಟರು. "ಹಾಗಾದ್ರೆ ಆ ಮನುಷ್ಯ ದೊಡ್ಡವನು" ಅಂದರು. "ಒಂದು ಮಾತೂ ಆಡಲಿಲ್ಲವಲ್ಲ."

ಆಮೇಲೆ ಹೇಳಿದರು. ಮೊದಲು ಅಂಚುಗಳು ಹೋದವಂತೆ. ಬೀಗದ ಕಿಂಡಿಯಲ್ಲಿ ಹಣಕಿ ನೋಡಿದಷ್ಟು ಮಾತ್ರ ಉಳಿಯಿತಂತೆ. ಈಗ ಆ ಕಿಂಡಿಗೂ ಮಂಜು ಕವಿದಿದೆ. ಒಳ್ಳೆಯ ಬಿಸಿಲಿದ್ದರೆ ಕಿಟಕಿ ಎಲ್ಲಿದೆ ಅಂತ ತಿಳಿಯುತ್ತದೆ, ಎದುರಿಗೆ ಯಾರೋ ನಿಂತಿದ್ದಾರೆ ಅಂತ ತಿಳಿಯುತ್ತದೆ. ಮುಖ ತಿಳಿಯುವುದಿಲ್ಲ. ಮನೆಯೆಲ್ಲ ಬಾಯಿಪಾಠ ಇದ್ದದ್ದರಿಂದ ಇಷ್ಟು ದಿನ ಸಾಗಿತು.

"ಅದಕ್ಕೇ ದಿವಾನಖಾನೆಗೆ ಒಪ್ಪಿದಿರಾ?"

"ಹೂಂ. ಒಂದು ಬೆಳಕಿನ ಕೋಣೆ ಕಟ್ಟಿಸಿದ್ರೆ ಕೊನೇದಾಗಿ ನಾನೂ ನೋಡಿಬಿಡಬಹುದು ಅಂದ್ಕೊಂಡೆ. ಕಣ್ಣು ಲಂಡನ್ನಿನವರಿಗಿಂತ ಚುರುಕು, ಬೇಗ ಕೆಲಸ ಮುಗಿಸಿಬಿಟ್ಟಿತು." ಆಮೇಲೆ ದನಿ ಬದಲಾಯಿತು. "ಅವನನ್ನ ಕಳಿಸಿಬಿಡು ಅರ್ಸುಲಾ. ಇನ್ನು ನನಗೆ ಹಸಿರಾದರೇನು, ಕರೀ ಹಲಗೆಯಾದರೇನು."

ಮನೆಗೆ ಬಂದವರೇ ಪುಸ್ತಕದ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ನಾನು ಹ್ಯಾಲಿಡೇ ಅವರಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಹಜಾರಕ್ಕೆ ಬಂದರೆ, ಅವರು ಮೇಣದ ಬತ್ತಿ ಹಿಡಿದು ಗೋಡೆಯ ಹಲಗೆಗೆ ಮೂಗು ತಾಗಿಸಿ ನಿಂತಿದ್ದರು. ನಕ್ಷೆ ಆಗಲೇ ಸುತ್ತಿ ಕೊಳವೆ ಸೇರಿತ್ತು.

"ಮೇಡಂ, ಇಲ್ಲಿ ನೋಡಿ" ಅಂದರು. ಕರೀ ಹಲಗೆಯ ಮೇಲೆ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಒಂದು ಪಟ್ಟೆ ಕನ್ನಡಿಯಂತೆ ಹೊಳೆಯುತ್ತಿತ್ತು. ಬಾಗಿಲಿಂದ ಶುರುವಾಗಿ ಅಗ್ಗಿಷ್ಟಿಕೆಯ ತನಕ ಹೋಗಿ, ಅಲ್ಲಿಂದ ಮೆಟ್ಟಿಲ ಕಡೆ ತಿರುಗಿತ್ತು. ನಾನು ಅದನ್ನು ದಿನವೂ ನೋಡಿದ್ದೆ, ಕೆಲಸದ ಹುಡುಗಿ ಅಲ್ಲಿ ಮಾತ್ರ ಹೆಚ್ಚು ಉಜ್ಜುತ್ತಾಳೆ ಅಂದುಕೊಂಡಿದ್ದೆ. ಅದು ನಿನ್ನ ಅಪ್ಪನ ಅಂಗೈ ಸವೆಸಿದ ದಾರಿ.

"ಅವರು ಕೆಲಸವೇ ಬೇಡ ಅಂತಿದಾರೆ" ಅಂದೆ.

"ಅವರು ಬೇಡ ಅಂದಿದ್ದು ನಾನು ತಂದ ನಕ್ಷೆನ. ಅದು ನನಗೂ ಬೇಡ. ಇನ್ನೊಂದು ತರ್ತೀನಿ, ಆಮೇಲೆ ಬೇಡ ಅನ್ನಲಿ."

ಏಪ್ರಿಲ್, ಮೇ ಬಹಳ ಕಷ್ಟದ ತಿಂಗಳುಗಳು. ಸತ್ಯ ಹೊರಬಿದ್ದ ಮೇಲೆ ಅಪ್ಪನಿಗೆ ಹಗುರವಾಗುತ್ತದೆ ಎಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಅಲ್ಲಿಯವರೆಗೆ ಎಲ್ಲರ ಮುಂದೆ ನಟಿಸುವುದೇ ಅವರನ್ನು ನೆಟ್ಟಗೆ ನಿಲ್ಲಿಸಿತ್ತೇನೋ. ಊರಿನ ನ್ಯಾಯಾಧೀಶರ ಕೆಲಸ ಬಿಟ್ಟುಕೊಟ್ಟರು. ಕುರಿ ಹರಾಜಿಗೆ ಹೋಗಲಿಲ್ಲ. ಊಟವೂ ಪುಸ್ತಕದ ಕೋಣೆಗೇ ಹೋಗಬೇಕಿತ್ತು. ಯಾರೋ ಕುರ್ಚಿಯೊಂದನ್ನು ಸ್ವಲ್ಪ ಸರಿಸಿದ್ದಕ್ಕೆ ಮನೆ ಹಾರಿಹೋಗುವಂತೆ ಕೂಗಿದರು. ನಿನ್ನ ಅಪ್ಪ ಕೂಗುವುದನ್ನು ನೀನು ಯಾವಾಗಲಾದರೂ ಕೇಳಿದ್ದೀಯಾ? ನಾನು ಕೇಳಿರಲಿಲ್ಲ. ನಾನೂ ನಿನ್ನ ಅತ್ತೆಯೂ ನಮ್ಮ ಮನೆಯಲ್ಲೇ ಕಳ್ಳರ ಹಾಗೆ ತುದಿಗಾಲಲ್ಲಿ ಓಡಾಡಿದೆವು. ಆ ತಿಂಗಳುಗಳಲ್ಲಿ ನಿನಗೆ ಏನೆಂದು ಬರೆಯಲಿ?

ಜೂನ್‌ನಲ್ಲಿ ಹ್ಯಾಲಿಡೇ ಹೇಳದೆ ಕೇಳದೆ ಬಂದಿಳಿದರು, ಕಂಕುಳಲ್ಲಿ ಅದೇ ತಗಡಿನ ಕೊಳವೆ. ಅಪ್ಪ ಹೊರಗೆ ಬರುವುದಿಲ್ಲವೆಂದರು. ಆಗ ವಿನಿಫ್ರೆಡ್ ಅತ್ತೆ ಕೋಲು ಕುಟ್ಟಿಕೊಂಡು ಹೋಗಿ ಬಾಗಿಲು ತಳ್ಳಿದರು. "ಗಾಡ್ಫ್ರಿ, ಆ ಮನುಷ್ಯ ಲಂಡನ್ನಿಂದ ಗಾಡೀಲಿ ಕುಲುಕಿಕೊಂಡು ಬಂದಿದಾನೆ. ಹೊಟ್ಟೇಲಿ ಏನೂ ನಿಲ್ತಾ ಇಲ್ಲ. ನೀನು ಎದ್ದು ಬರ್ತೀಯೋ, ಅವನನ್ನ ಇಲ್ಲೇ ತಂದು ನಿನ್ನ ಹಾಸಿಗೆ ಮೇಲೆ ಮಲಗಿಸಲೋ?"

ಅಪ್ಪ ಎದ್ದು ಬಂದರು. ಅಕ್ಕನಿಗೆ ಈಗಲೂ ಹೆದರುತ್ತಾರೆ.

ಈ ಸಲ ಹ್ಯಾಲಿಡೇ ನಕ್ಷೆ ಹರವಿ, ಖಾಲಿ ಹಾಳೆ ತೆಗೆದು, "ಸರ್, ಕೈ ಕೊಡಿ" ಅಂದರು. ಅಪ್ಪನ ತೋರುಬೆರಳನ್ನು ಕಾಗದದ ಮೇಲೆ ಇಟ್ಟರು. ನಾನು ಬಗ್ಗಿ ನೋಡಿದೆ. ಇವರ ಕಚೇರಿಯಲ್ಲಿ ಒಂದು ಹಾಳೆಯ ಗೆರೆಗಳನ್ನು ಇನ್ನೊಂದಕ್ಕೆ ಇಳಿಸಲು ಸೂಜಿಯಿಂದ ಚುಚ್ಚುತ್ತಾರಂತೆ. ಹ್ಯಾಲಿಡೇ ಇಡೀ ನಕ್ಷೆಯನ್ನು ಹಿಂಬದಿಯಿಂದ ಸೂಜಿಯಲ್ಲಿ ಚುಚ್ಚಿದ್ದರು. ಒಂದೊಂದು ಗೆರೆಯೂ ಮುಂಬದಿಯಲ್ಲಿ ಸಾಸಿವೆ ಸಾಲಿನಂತೆ ಉಬ್ಬಿ ನಿಂತಿತ್ತು. ಗೋಡೆಗೆ ಎರಡು ಸಾಲು, ಕಿಟಕಿಗೆ ಒಂದು.

ಅಪ್ಪನ ಬೆರಳು ಮೊದಲು ಅಲುಗಲೇ ಇಲ್ಲ. ಆಮೇಲೆ ಮೆಲ್ಲಗೆ ಹೊರಟಿತು.

"ಇದು ಗೋಡೆ."

"ಹೌದು ಸರ್."

"ಇಲ್ಲಿ ಗೆರೆ ನಿಂತುಹೋಯ್ತು."

"ಊಟದ ಮನೆ ಬಾಗಿಲು."

"ಈ ಬಾಗಿಲು ಯಾವ ಕಡೆ ತೆರೆಯುತ್ತೆ?"

"ಒಳಗಡೆ."

"ಹಾಗಾದ್ರೆ ಅರ್ಧ ತೆರೆದಿಟ್ಟ ದಿನ ಅದರ ಅಂಚು ನೇರ ನನ್ನ ಹಣೆಗೆ ಬಡಿಯುತ್ತೆ. ಆಚೆ ಕಡೆ ತೆರೆಯೋ ಹಾಗೆ ಮಾಡಿ."

ಹ್ಯಾಲಿಡೇ ಸೀಸದ ಕಡ್ಡಿ ತೆಗೆದು ಗುರುತು ಹಾಕಿಕೊಂಡರು. ಅಪ್ಪ ಕುರ್ಚಿ ಎಳೆದುಕೊಂಡು ಕುಳಿತರು. ಅಷ್ಟೆ, ಆಮೇಲೆ ನಮ್ಮ ಅಗತ್ಯ ಯಾರಿಗೂ ಇರಲಿಲ್ಲ. ಇಬ್ಬರೂ ತಲೆಗೆ ತಲೆ ಕೊಟ್ಟು ಕೂತರು. ಮಾಂಸದ ಸಾರು ಆರಿಹೋಯಿತು. ಅತ್ತೆ ಮೂರು ಸಲ ಕೆಮ್ಮಿದರು, ಯಾರೂ ಲೆಕ್ಕಕ್ಕಿಡಲಿಲ್ಲ.

ನಕ್ಷೆಯ ಬಣ್ಣ ಹಿಂದಿನದಕ್ಕಿಂತ ಇನ್ನೂ ಸೊಗಸಾಗಿತ್ತು. ಅಪ್ಪ ಕೈ ತೊಳೆಯಲು ಎದ್ದಾಗ ನಾನು ಹ್ಯಾಲಿಡೇ ಅವರನ್ನು ಕೇಳಿದೆ, ಇಷ್ಟು ಚುಚ್ಚಿದ ಮೇಲೆ ಬಣ್ಣಕ್ಕೆ ಯಾಕೆ ಇಷ್ಟು ಶ್ರಮಪಟ್ಟಿರಿ ಎಂದು. ಅವರು ಆಶ್ಚರ್ಯದಿಂದ ನನ್ನನ್ನು ನೋಡಿ, "ಯಾಕೆ, ನೀವು ಆ ಕೋಣೇಲಿ ಕೂರಲ್ವಾ ಮೇಡಂ?" ಅಂದರು.

ಮುಖ್ಯವಾದ ಬದಲಾವಣೆ ಇಷ್ಟು. ನಾಲ್ಕೂ ಗೋಡೆಗಳ ಮೇಲೆ ಕೈಯೆತ್ತರದಲ್ಲಿ ಒಂದು ಗಾರೆಯ ಉಬ್ಬು ಪಟ್ಟಿ. ಒಳಬರುವ ಬಾಗಿಲ ಗೋಡೆಗೆ ಓಕ್ ಎಲೆ, ಕಿಟಕಿ ಗೋಡೆಗೆ ಗೋಧಿ ತೆನೆ, ಅಗ್ಗಿಷ್ಟಿಕೆ ಗೋಡೆಗೆ ದ್ರಾಕ್ಷಿ ಬಳ್ಳಿ, ಊಟದ ಮನೆ ಕಡೆಗೆ ಕಪ್ಪೆಚಿಪ್ಪು. ಎಲ್ಲಿ ಕೈಯಿಟ್ಟರೂ ತಾನು ಎಲ್ಲಿದ್ದೇನೆ ಎಂದು ಗೊತ್ತಾಗಬೇಕು. ಬೆಂಕಿಗೆ ಒಂದು ಹೆಜ್ಜೆ ಮೊದಲು ಟಗರಿನ ತಲೆ, ಅದು ಸಿಕ್ಕರೆ ನಿಲ್ಲಬೇಕು. ಎಲ್ಲವೂ ರೋಮಿನವರ ಚಿತ್ತಾರಗಳೇ. ಆದರೆ ಪಟ್ಟಿ ಇರಬೇಕಾದ್ದಕ್ಕಿಂತ ಮೇಲೆ ಬರುತ್ತದೆ, ಶಾಸ್ತ್ರದ ಅಳತೆ ಕೆಡುತ್ತದೆ. ಇದು ಅಪ್ಪನಿಗೂ ಗೊತ್ತು, ಅವರೂ ಕಟ್ಟಡಶಾಸ್ತ್ರದ ಪುಸ್ತಕಗಳನ್ನೆಲ್ಲ ಓದಿದವರಲ್ಲವೇ.

"ನನಗೋಸ್ಕರ ಅಳತೆ ಕೆಡಿಸಬೇಡಿ" ಅಂದರು. "ನೋಡಿದವರು ನಿಮ್ಮನ್ನ ಆಡಿಕೊಂಡು ನಗ್ತಾರೆ."

"ಆ ಹಳಬರು ಅಳತೆ ತಗೊಂಡಿದ್ದು ಮನುಷ್ಯನ ಮೈಯಿಂದ ಸರ್. ನಾನೂ ಅಲ್ಲಿಂದಲೇ ತಗೋತೀನಿ. ಸ್ವಲ್ಪ ಎದ್ದು ನಿಂತ್ಕೊಳ್ಳಿ" ಎಂದು ಹ್ಯಾಲಿಡೇ ಮೊಣಕಾಲೂರಿ, ನೆಲದಿಂದ ಅಪ್ಪನ ಅಂಗೈಯವರೆಗೆ ದಾರ ಹಿಡಿದು ಗಂಟು ಹಾಕಿದರು. ಆಮೇಲೆ ನನಗೆ ಮಾತ್ರ ಕೇಳುವಂತೆ, "ಆದರೂ ಮೂರು ದಿನ ನಿದ್ದೆ ಬರಲಿಲ್ಲ ಮೇಡಂ" ಅಂತ ಗೊಣಗಿದರು.

ಬೇಸಿಗೆಯಿಡೀ ಮನೆ ಸುಣ್ಣದ ಗೂಡಾಗಿತ್ತು. ಎಲ್ಲವೂ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡ. ಹಲಗೆ ಕಿತ್ತ ದಿನವೇ ಒಂದು ಅನಾಹುತವಾಯಿತು. ಮರುವಾರ ಕೀಳುತ್ತಾರೆಂದು ಅಪ್ಪನಿಗೆ ಹೇಳಿದ್ದೆ. ಬಡಗಿಗಳು ಬೇರೆ ಕೆಲಸ ಬೇಗ ಮುಗಿಯಿತೆಂದು ಅಂದೇ ಬೆಳಿಗ್ಗೆ ಕಿತ್ತು, ಊಟಕ್ಕೆ ಹೋಗಿದ್ದರು. ನಾನು ಹಾಲಿನ ಮನೆಯಿಂದ ಬರುತ್ತೇನೆ, ಅಪ್ಪ ಹಜಾರದ ನಟ್ಟನಡುವೆ ನಿಂತಿದ್ದಾರೆ. ಕಾಲ ಸುತ್ತ ಸೀಳಿದ ಹಲಗೆ, ಮೊಳೆ. ಒಂದು ಕೈ ಮುಂದೆ ಚಾಚಿದ್ದಾರೆ, ಅದಕ್ಕೆ ಏನೂ ಸಿಗುತ್ತಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ. ಕೂಗಿ ಕರೆಯಲಿಕ್ಕೆ ಸಂಕೋಚ.

ನನ್ನ ಹೆಜ್ಜೆ ಸದ್ದು ಗುರುತಿಸಿ, "ಅರ್ಸುಲಾ, ನನ್ನ ಮನೆ ಎಲ್ಲಿ ಹೋಯ್ತು?" ಅಂದರು.

ಮಗುವಿನ ಹಾಗೆ ಕೇಳಿದರು, ಥಿಯೋ. ನಾನು ಹೋಗಿ ತೋಳು ಹಿಡಿದೆ. ಕೆಲಸ ಅಂದೇ ನಿಲ್ಲಿಸಿಬಿಡೋಣ ಎಂದು ನನ್ನ ಬಾಯಿಗೆ ಬಂದಿತ್ತು. ಆದರೆ ಹಳೆಯದು ಆಗಲೇ ನೆಲದ ಮೇಲೆ ಸೌದೆಯಾಗಿ ಬಿದ್ದಿತ್ತಲ್ಲ, ಇನ್ನು ಎಲ್ಲಿಗೆ ಹಿಂದಿರುಗುವುದು? ಅವರನ್ನು ಪುಸ್ತಕದ ಕೋಣೆಗೆ ಕರೆದೊಯ್ದು ಕೂರಿಸಿ, ನಕ್ಷೆ ತಂದು ಅವರ ತೊಡೆಯ ಮೇಲೆ ಹರವಿದೆ. "ಇಲ್ಲಿದೆ ನಿಮ್ಮ ಮನೆ" ಅಂದೆ. "ಇನ್ನೂ ಕಟ್ಟಿಲ್ಲ ಅಷ್ಟೆ. ಕಟ್ಟೋ ಅಷ್ಟರಲ್ಲಿ ಕಲಿತುಬಿಡಿ."

ಕಲಿತರು. ದಿನವೂ ಬೆಳಗಿನ ಉಪಾಹಾರವಾದ ಮೇಲೆ ನಕ್ಷೆ ತೊಡೆಯ ಮೇಲೆ. ಸುತ್ತಿಗೆ ಸದ್ದು ಕೇಳಿಸಿದರೆ, "ಈಗ ಎರಡನೇ ಕಿಟಕಿ ಹತ್ರ ಇದಾರೆ" ಎನ್ನುವರು. ಹೋಗಿ ನೋಡಿದರೆ ಅಲ್ಲೇ ಇರುತ್ತಿದ್ದರು. ಒಮ್ಮೆ ಗಾರೆಯವರು ಚಿಪ್ಪಿನ ಸಾಲನ್ನು ತಪ್ಪು ಗೋಡೆಯಿಂದ ಶುರುಮಾಡಹೊರಟಿದ್ದರಂತೆ. ಬಾಗಿಲಲ್ಲಿ ನಿಂತು ಅವರ ಮಾತು ಕೇಳಿಸಿಕೊಂಡೇ ಅಪ್ಪ ತಡೆದರು. ಆವತ್ತು ರಾತ್ರಿ ಊಟಕ್ಕೆ ಮೇಜಿಗೆ ಬಂದು ಕೂತರು, ಎರಡು ಸಲ ಕುರಿಮಾಂಸ ಬಡಿಸಿಕೊಂಡರು.

ಅಕ್ಟೋಬರ್ ಕೊನೆಗೆ ಗಾರೆಯವರು ನಿಂತು ಕೆಲಸ ಮಾಡುವ ಅಟ್ಟಣಿಗೆ ಬಿಚ್ಚಿ ಇಳಿಸಿದರು. ಹ್ಯಾಲಿಡೇ ಬಂದಿದ್ದರು. ಕೋಣೆ ಖಾಲಿ, ಗಾರೆಯ ಹಸಿ ವಾಸನೆ, ಬಿಸಿಲು ನೆಲದ ಮೇಲೆ ಬಿದ್ದಿತ್ತು. ಅಪ್ಪ ಒಳಬರುವ ಬಾಗಿಲಲ್ಲಿ ನನ್ನ ತೋಳು ಬಿಟ್ಟರು. ಕೈ ಗೋಡೆಗೆ ಇಟ್ಟು, "ಓಕ್" ಅಂದರು. ಹೊರಟರು. ಮೂಲೆ ತಿರುಗಿದರು. ತೆನೆಗಳ ಮೇಲೆ ಕೈ ಎಷ್ಟು ಹಗುರವಾಗಿ ಜಾರುತ್ತಿತ್ತೆಂದರೆ, ನೋಡಿದವರು ಯಾರೋ ಒಡೆಯ ತನ್ನ ಗೋಡೆಯನ್ನು ಸವರಿ ಸಂತೋಷಪಡುತ್ತಿದ್ದಾನೆ ಎಂದೇ ತಿಳಿಯಬೇಕು. ಹ್ಯಾಲಿಡೇ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಟಗರಿನ ಹತ್ತಿರ ಅಪ್ಪ ನಿಂತು ಅದರ ಮುಖವನ್ನೆಲ್ಲ ತಡವಿದರು.

"ಮೂಗು ಉದ್ದ ಆಯ್ತು."

"ರೋಮಿನಲ್ಲಿ ಅಷ್ಟೇ ಉದ್ದ ಸರ್."

"ಪಾಪ, ಅವರು ಯಾರ್ಕ್‌ಶೈರಿನ ಟಗರು ನೋಡಿಲ್ಲ" ಅಂದರು ಅಪ್ಪ. ಹ್ಯಾಲಿಡೇ ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. ಅತ್ತೆ ಬಾಗಿಲಿಂದ, "ಇವನನ್ನ ದಾರಿಗೆ ತರೋಕೆ ಇವನು ಹುಟ್ಟಿದಾಗಿಂದ ಹೆಣಗಿದೀನಿ. ಕೊನೆಗೆ ಟಗರು ಬರಬೇಕಾಯ್ತು" ಅಂದರು.

ಮೊನ್ನೆ ಮಾರ್ಟಿನ್‌ಮಸ್ ಹಬ್ಬಕ್ಕೆ ಸುತ್ತಲಿನವರನ್ನೆಲ್ಲ ಊಟಕ್ಕೆ ಕರೆದೆವು. ಹುರಿದ ಬಾತು, ಶುಂಠಿ ಕೇಕು, ಎಲ್ಲ ನಿನಗಿಷ್ಟವಾದದ್ದೇ. ಎಲ್ಲರೂ ಬಂದು ನಿಂತ ಮೇಲೆ ಅಪ್ಪ ತಾವಾಗಿಯೇ, "ಕೇಳಿರಬಹುದು, ನನ್ನ ಕಣ್ಣು ಹೋಗಿದೆ. ಅದರ ಬದಲಿಗೆ ಈ ಕೋಣೆ ಬಂದಿದೆ. ಬನ್ನಿ ತೋರಿಸ್ತೀನಿ" ಎಂದು ಅವರನ್ನೆಲ್ಲ ಸುತ್ತು ಹಾಕಿಸಿದರು. ಅವರು ಮುಂದೆ, ಕಣ್ಣಿದ್ದವರೆಲ್ಲ ಹಿಂದೆ. ಲೇಡಿ ಸೆಲ್ಬಿ ಮಾತ್ರ ಪಟ್ಟಿ ಸ್ವಲ್ಪ ಮೇಲಾಯಿತೇನೋ, ಲಂಡನ್ನಿನಲ್ಲಿ ಇನ್ನೂ ಕೆಳಗಿರುತ್ತದೆ ಅಂದಳು. "ಲಂಡನ್ನಿನವರು ಕುಳ್ಳರು" ಎಂದು ಅತ್ತೆ ಅವಳ ಬಾಯಿ ಮುಚ್ಚಿಸಿದರು.

ಈಗ ನಾನು ಬರೆಯುವಾಗ ಅಪ್ಪ ಬೆಂಕಿಯ ಹತ್ತಿರ ಕುಳಿತಿದ್ದಾರೆ. "ಥಿಯೋಗೆ ತಾನೇ? ಕೋಣೆ ವಿಷಯ ಚೆನ್ನಾಗಿ ಬರಿ. ಕಣ್ಣಿಗೆ ಒಂದು ಸಾಲು ಸಾಕು" ಅನ್ನುತ್ತಿದ್ದಾರೆ. ನಾನು ಎಷ್ಟು ಸಾಲು ಬರೆದೆನೆಂದು ಅವರಿಗೆ ಹೇಳುವುದಿಲ್ಲ. ನಕ್ಷೆಗೆ ಚೌಕಟ್ಟು ಹಾಕಿಸಿದ್ದೇವೆ, ಗಾಜು ಹಾಕಿಸಲು ಬಿಡಲಿಲ್ಲ. ಗಾಜು ಹಾಕಿದರೆ ತನಗೇನು ಕಾಣುತ್ತದೆ ಅನ್ನುತ್ತಾರೆ. ವಸಂತಕ್ಕೆ ನೀವೆಲ್ಲ ಬರುವುದಾದರೆ ರಾಲ್ಫ್‌ನನ್ನು ಈ ನೆಲದ ಮೇಲೆ ಓಡಲು ಬಿಡಬೇಕೆಂದು ಅವರಿಗೆ ಆಸೆ. ಬಾ ಮಗಳೇ. ನಾವು ಚೆನ್ನಾಗಿದ್ದೇವೆ. ನಾನು ಸಮಾಧಾನಕ್ಕೆ ಹೇಳುತ್ತಿಲ್ಲ, ನಿಜವಾಗಿ ಚೆನ್ನಾಗಿದ್ದೇವೆ.

ದೇವರು ನಿನ್ನ ಮನೆಯನ್ನು ಬೆಚ್ಚಗಿಡಲಿ. ನಿನ್ನ ಕೂಸು ಬಿದ್ದು ಎದ್ದು ಗಟ್ಟಿಯಾಗಲಿ. ಅಳಿಯಂದಿರ ಹಡಗುಗಳು ಸುಖವಾಗಿ ದಡ ಸೇರಲಿ.

ನಿನ್ನನ್ನು ಸದಾ ನೆನೆಯುವ ಅಮ್ಮ,
ಅರ್ಸುಲಾ ಹೆಸಲ್ಡನ್

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದು ಬಿಟ್ಟಿದ್ದೆ. ಬೆಳಿಗ್ಗೆ ಟಪಾಲು ಹೋಗುವ ಮೊದಲು ಮನಸ್ಸು ತಡೆಯದೆ ಬರೆಯುತ್ತಿದ್ದೇನೆ. ಹೋದ ವಾರ ಚಹಾ ಕುಡಿಯುವಾಗ ಅತ್ತೆ ಬಾಯಿ ತಪ್ಪಿ, "ಯಾರ್ಕಿನ ಡಾಕ್ಟರು ಮೂರು ವರ್ಷದ ಹಿಂದೆಯೇ ಹೇಳಿದ್ರಲ್ಲ" ಅಂದರು. ಅವರಿಗೆ ಗೊತ್ತಿತ್ತು. ಜಮೀನು ನೋಡಿಕೊಳ್ಳುವ ಥ್ವೇಟ್‌ನಿಗೂ ಗೊತ್ತಿತ್ತು, ಡಾಕ್ಟರ ಬಳಿಗೆ ಕರೆದುಕೊಂಡು ಹೋದವನೇ ಅವನು. ಎರಡು ವರ್ಷ ಗೊತ್ತಿಲ್ಲದಿದ್ದವಳು ನಾನೊಬ್ಬಳೇ. ಯಾಕೆ ಹೀಗೆ ಮಾಡಿದಿರಿ ಎಂದು ಅಪ್ಪನನ್ನು ಕೇಳಿದೆ. "ಒಬ್ಬರ ಹತ್ರವಾದ್ರೂ ನಾನು ಮೊದಲಿನ ಹಾಗೇ ಇರಬೇಕು ಅನ್ನಿಸ್ತು ಅರ್ಸುಲಾ" ಅಂದರು. ಅದು ಪ್ರೀತಿಯ ಮಾತೇ, ನನಗೆ ತಿಳಿಯುತ್ತದೆ. ಆದರೆ ಆ ಎರಡು ವರ್ಷ ಊಟದ ಮೇಜಿನ ಆ ತುದಿಯಿಂದ ಅವರ ದೃಷ್ಟಿ ನನ್ನ ಮೇಲೆ ನಿಲ್ಲದೆ ಜಾರಿಹೋಗುವುದನ್ನು ನಾನು ದಿನವೂ ನೋಡಿದೆ. ಐವತ್ತು ದಾಟಿದ ಹೆಂಗಸು ಏನೆಂದುಕೊಳ್ಳುತ್ತಾಳೋ ಅದನ್ನೇ ಅಂದುಕೊಂಡೆ. ಕೆಮ್ಮಿನ ನೆಪ ಹೇಳಿ ನನ್ನ ಹಾಸಿಗೆಯನ್ನು ಮೂಡಣ ಕೋಣೆಗೆ ಸಾಗಿಸಿದೆ. ಅವರು ಬೇಡ ಅನ್ನಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು, ನಾನು ಕನ್ನಡಿಯ ಮುಂದೆ ನಿಂತು ಅಷ್ಟು ಅಳುತ್ತಿರಲಿಲ್ಲ.

ನಿನ್ನೆ ಸಂಜೆ ನಾನು ಕಿಟಕಿಯ ಹತ್ತಿರ ಸುಮ್ಮನೆ ಕುಳಿತಿದ್ದೆ. ಅವರು ಗೋಡೆ ಹಿಡಿದು ಬಂದರು. ನಾನಿದ್ದೇನೆಂದು ತಿಳಿಯುತ್ತದೋ ನೋಡೋಣ ಎಂದು ಉಸಿರು ಬಿಗಿಹಿಡಿದೆ. ನನ್ನ ಮೊಣಕಾಲಿನ ಪಕ್ಕದಲ್ಲೇ ಹಾದು, ಮೆಲ್ಲಗೆ ಏನೋ ರಾಗ ಗುನುಗುತ್ತ, ಊಟದ ಮನೆಗೆ ಹೋದರು. ನಾನು ಕರೆಯಲಿಲ್ಲ.

ಉತ್ತರದಲ್ಲಿ ಇದರ ಮಾತೆತ್ತಬೇಡ. ನಿನ್ನ ಪತ್ರಗಳನ್ನು ಅವರಿಗೆ ಓದಿ ಹೇಳುವವಳು ನಾನೇ.